ಬೂದುಗೊರಳಿನ ಕಾಗೆ, ಕಪ್ಪು ಕಾಗೆ

ಎಪ್ಪತ್ತರ ದಶಕದ ನಡುವಿನ ಮಾತು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತ ನಾನು ಮುಲುಂಡಿನಲ್ಲಿ ಕಾಕಾನ ಮನೆಯಲ್ಲಿದ್ದೆ. ಧಾರವಾಡದಿಂದ ಬಂದ ಅಜ್ಜಿಯೂ ಅಲ್ಲೇ ಇದ್ದಳು. ಅಜ್ಜನ ಶ್ರಾದ್ಧದ ದಿನ ಕಾಗೆ ಪಿಂಡ ಮುಟ್ಟುವವರೆಗೆ ಅವಳು ಊಟ ಮಾಡುತ್ತಿರಲಿಲ್ಲ. ಕಾಗೆ ಮುಟ್ಟದಿದ್ದರೆ ಅಜ್ಜನಿಗೆ ತೃಪ್ತಿಯಾಗಲಿಲ್ಲವೆಂದೇ ಅವಳ ಲೆಕ್ಕ. ಆ ವರ್ಷದ ಶ್ರಾದ್ಧದಂದು ಮಧ್ಯಾಹ್ನ ಒಂದೂವರೆಯಾದರೂ ಬಿಲ್ಡಿಂಗಿನ ಗಚ್ಚಿಯ ಮೇಲೆ ಪಿಂಡ ಹಾಗೇ ಇತ್ತು.

ಕಾಗೆ ಬಂದಿರಲಿಲ್ಲವೆಂದಲ್ಲ. ಗುಡ್ಡದ ಕಡೆಯಿಂದ ದಪ್ಪ ಕೊಕ್ಕಿನ, ಮೈಯೆಲ್ಲ ಕಪ್ಪಾದ ಒಂದು ಕಾಡುಕಾಗೆ ಮೂರು ಸಲ ಬಂದಿತ್ತು. ಮೂರು ಎಂದು ನನ್ನ ನೆನಪು; ಎರಡೇ ಇದ್ದೀತು. ಬಂದಾಗಲೆಲ್ಲ ಅಜ್ಜಿ ಕೊಡೆ ಬೀಸಿ ಓಡಿಸಿದಳು. ಆ ಕೊಡೆಗೆ ಹೆದರಿ ಬೂದುಗೊರಳಿನ ಊರಕಾಗೆಗಳೂ ನೀರಿನ ಟಾಕಿ ಬಿಟ್ಟು ಇಳಿಯಲಿಲ್ಲ.

"ಅದೂ ಕಾಗೀನ ಅಲ್ಲೇನ ಅಜ್ಜಿ?"

"ಕಾಗೀನ ಖರೆ. ಕೊರಳಾಗ ಶಲ್ಯಾ ಎಲ್ಲದ? ನಿಮ್ಮಜ್ಜ ಶಲ್ಯಾ ಇಲ್ದ ಯಾರ ಮನೀಗೂ ಊಟಕ್ಕ ಹೋದವರಲ್ಲ."

ಅರ್ಧ ದಿನ ರಜೆ ಹಾಕಿದ್ದ ಕಾಕಾ ಹಸಿದಿದ್ದ. "ಅವ್ವಾ, ನಿನ್ನ ಶಲ್ಯಾದ ಕಾಗೀನ್ನ ಹೊಸಾ ಕಾಯ್ದೆದಾಗ ಇಲಿ ಜೋಡಿ ಕೂಡಿಸ್ಯಾರ. ಉಪದ್ರವಿ ಅಂತ. ಹೊಡದ್ರೂ ಕೇಳವರಿಲ್ಲ."

"ಇಲಿ ಜೋಡಿ?" ಅಜ್ಜಿ ನನ್ನ ಕಡೆ ತಿರುಗಿದಳು. "ಖರೇನ ತಮ್ಮಾ?"

ವನ್ಯಜೀವಿ ಕಾಯ್ದೆಯ ಆ ಪಟ್ಟಿಯನ್ನು ನಾನು ಓದಿದ್ದೆ. ಹೌದೆಂದೆ. ಅದರಲ್ಲಿರುವುದು ಸಾಮಾನ್ಯ ಕಾಗೆ, ಈ ಕಪ್ಪು ಕಾಗೆಯ ಹೆಸರು ಅಲ್ಲಿ ಕಂಡ ನೆನಪಿಲ್ಲ ಎಂದೂ ಹೇಳಿದೆ. ಅವಳ ಮುಖ ಬಾಡಿದ್ದು ನೋಡಿ, ಎರಡರ ಜಾತಿ ಬೇರೆಯಾದರೂ ಮೇಲಿನ ಕುಲ ಒಂದೇ, ನಮ್ಮಲ್ಲಿ ಮನೆತನ ಬೇರೆಯಾಗಿ ಗೋತ್ರ ಒಂದೇ ಇರುವ ಹಾಗೆ ಎಂದು ಸೇರಿಸಿದೆ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಬೀಳುತ್ತಿತ್ತು. ತಿಳಿಸಿ ಹೇಳಲೆಂದು ಹಾಗಂದೆನೋ, ನನ್ನ ಹೊಟ್ಟೆಯೂ ಚುರುಗುಡುತ್ತಿತ್ತೋ, ಈಗ ಖಚಿತವಿಲ್ಲ.

ಅಜ್ಜಿ ಕೊಡೆ ಕೆಳಗಿಳಿಸಿದಳು. "ಗೋತ್ರ ಒಂದ ಅಂದ್ರ ದಾಯಾದಿ ಆದ. ದಾಯಾದಿಗೆ ಪಿಂಡದ ಹಕ್ಕ ಅದ. ಮೊದಲ ಹೇಳಬಾರದ?"

ಕೊಡೆ ಮಡಚಿ ಗೋಡೆಗೆ ಆನಿಸಿದಳು. ನಾವು ಮೆಟ್ಟಿಲ ಬಾಗಿಲ ಹಿಂದೆ ಸರಿದು ನಿಂತೆವು. ಮೊದಲು ಕಪ್ಪು ಕಾಗೆ ಬಂದು ಕೊಕ್ಕು ಹಾಕಿತೆಂದು ನನ್ನ ನೆನಪು. ಅದನ್ನು ನೋಡಿ ಟಾಕಿಯ ಮೇಲಿನವೂ ಇಳಿದು ಜಗಳ ತೆಗೆದವು. ಪಿಂಡದ ಎಲೆ ಬರಿದಾಯಿತು. ನನ್ನ ದಿನಚರಿಯಲ್ಲಿ ಇಷ್ಟೇ ಇದೆ: "ಎರಡಕ್ಕೆ ಊಟ. ಅಜ್ಜಿ ಖುಷಿ." ಯಾವುದು ಮೊದಲು ಮುಟ್ಟಿತೆಂದು ಬರೆದಿಲ್ಲ.

ಎಲೆಯ ಮುಂದೆ ಕೂತ ಅಜ್ಜಿ ಎರಡನೆಯ ವಡೆ ಮುರಿಯುತ್ತ ಕೇಳಿದಳು: "ಆ ಕಾಯ್ದೆ ಬರದವರ ಮನ್ಯಾಗ ಪಿಂಡ ಯಾರು ಮುಟ್ತಾರೊ?"

ಕಾಕಾ ತಲೆ ಎತ್ತಲಿಲ್ಲ. "ಇಲಿ ಮುಟ್ತಾವ, ಉಣ್ಣವ್ವಾ."