ಅಜ್ಜಿ ಬೊಟ್ಟು ಮಾಡಿ ತೋರಿಸಿದಳಂತೆ

ನಿಜಾಮರ ಸೀಮೆ ಭಾರತಕ್ಕೆ ಸೇರದೇ, ಆಗಿನ ಗಲಭೆಯೂ ನಿಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ಎಂಬ ಕಾದಂಬರಿ ಬರೆಯುತ್ತೇನೆಂದು ಗೆಳತಿ ಹೇಳಿದಾಗ, ನಾನೇ ಅವಳನ್ನು ಗಬ್ಬೂರಿಗೆ ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ರಾಯಚೂರಿನ ಕಾಲೇಜಿನಲ್ಲಿ ಒಂದೇ ಡಬ್ಬಿಯಲ್ಲಿ ಉಂಡವರು ನಾವು.

ಅಜ್ಜಿ ಅವಳಿಗೆ ಎಲ್ಲವನ್ನೂ ಹೇಳಿದಳು. ಗಲಭೆಯಲ್ಲಿ ಪಕ್ಕದ ಮನೆಯ, ಹತ್ತಿ ಹಿಂಜುವ ಪಿಂಜಾರ ಮುಸ್ಲಿಮರ ತಾಯಿ-ಮಕ್ಕಳನ್ನು ನಮ್ಮವರು ಖಾಲಿ ಹಗೇವಿನಲ್ಲಿ, ಜೋಳ ತುಂಬಿಡುವ ನೆಲದ ಗುಂಡಿಯಲ್ಲಿ, ಬಚ್ಚಿಟ್ಟಿದ್ದರು. ಹುಡುಕಿಕೊಂಡು ಬಂದ ಗಂಡಸರಿಗೆ, ಇನ್ನೂ ಲಂಗ ಉಡುವ ವಯಸ್ಸಿನ ಅಜ್ಜಿ, "ಮಾನ್ವಿ ಕಡೆ ಹೋದ್ರು" ಎಂದಿದ್ದಳು. ಆ ಮನೆತನ ಉಳಿಯಿತು, ಮುಂದೆ ಮಾನ್ವಿಗೇ ಹೋಗಿ ನೆಲೆಸಿತು. ಗೆಳತಿ ಅಜ್ಜಿಯ ಕೈ ಹಿಡಿದುಕೊಂಡು ಅತ್ತಳು.

ಪುಸ್ತಕ ಬಂತು. ಅದರಲ್ಲಿ ಅದೇ ಅಂಗಳ, ಅದೇ ಹಗೇವು, ಅಜ್ಜಿಯ ತುಟಿಯ ಮೇಲಿನ ಮಚ್ಚೆಯೂ ಇತ್ತು. ಆದರೆ ಪುಸ್ತಕದ ಹುಡುಗಿ ಬಾಯಿ ಬಿಡದೇ ಹಗೇವಿನ ಕಡೆ ಬೊಟ್ಟು ಮಾಡುತ್ತಾಳೆ.

ಮರುದಿನವೇ ನಾನಿರುವ ದೇವದುರ್ಗದಿಂದ ಬಸ್ಸು ಹಿಡಿದು ಅವಳ ಮನೆಗೆ ಹೋದೆ.

"ಯಾಕ ಬೇ ಹಿಂಗ ಮಾಡ್ದಿ?"

"ಕಥಿ ಅದು. ಅಂಥಾ ರಾಜ್ಯದಾಗ ಯಾರಾದ್ರೂ ಹಂಗ ಮಾಡ್ತಿದ್ರು. ಓದಿದವರೆಲ್ಲಾ ಖರೇ ಅನಸ್ತದ ಅನ್ನಾಕತ್ತಾರ."

"ನಮ್ಮಜ್ಜಿ ಮಾಡಿಲ್ಲಲ್ಲ?"

"ಅದಕ್ಕ ಚುಚ್ಚತದ. ಚುಚ್ಚಲಿ ಅಂತನ ಬರದೀನಿ."

ಚುಚ್ಚಬೇಕಾದರೆ ಅವಳೇ ಕಲ್ಪಿಸಿದ ಮುಖವೊಂದು ಸಾಕಿರಲಿಲ್ಲವೇ? ಅವಳು ತಂದಿಟ್ಟ ಚಹಾ ಮುಟ್ಟದೇ ಎದ್ದು ಬಂದೆ. ನಿಜ ಹೇಳಬೇಕೆಂದರೆ, ಅವಳ ಮೇಲಿನ ಸಿಟ್ಟಿಗಿಂತ ಬೇರೊಂದು ನನ್ನನ್ನು ಸುಡುತ್ತಿತ್ತು. ಅಷ್ಟು ಚೆನ್ನಾಗಿ ಬರೆದಿದ್ದಳು. ಓದುವಾಗ ನಾನೂ ಆ ಬೊಟ್ಟನ್ನು ಕಂಡಿದ್ದೆ.

ಗಬ್ಬೂರಿಗೆ ಹೋದಾಗ ಅಜ್ಜಿ ಬಿಡಲಿಲ್ಲ. "ಆಕಿ ಏನು ಬರದಾಳ, ಓದು" ಎಂದು ಹಟ ಹಿಡಿದಳು. ಓದಿದೆ. ಮುಗಿದ ಮೇಲೆ ಸೆರಗಿನ ಅಂಚು ಉಜ್ಜತೊಡಗಿದಳು.

"ನಾ ತೋರಿಸಿದ್ದಿಲ್ಲ, ತಂಗಿ."

"ಗೊತ್ತೈತಿ ಯವ್ವಾ."

"ಮಾನ್ವ್ಯಾಗ ಅವರ ಮೊಮ್ಮಕ್ಕಳದಾರ. ಅವರು ಓದಿದ್ರ?"

ನಾನು ಪುಸ್ತಕ ಮುಚ್ಚಿದೆ.

"ನೀನರ ನಂಬಿಲ್ಲಲ್ಲ?"

"ಇಲ್ಲ" ಎಂದೆ. ಒಂದು ಉಸಿರು ತಡವಾಗಿತ್ತು. ಅಜ್ಜಿಗೆ ಕಣ್ಣು ಮಂದ, ಕಿವಿ ಚುರುಕು. ಅವಳು ಗೋಡೆಯ ಕಡೆ ಹೊರಳಿದಳು.

ಗೆಳತಿಯ ಫೋನು ನಾನು ಮತ್ತೆ ಎತ್ತಲಿಲ್ಲ. ಈಗ ಯಾರಾದರೂ ಬಂದು ಹಳೆಯ ಕಾಲದ್ದನ್ನು ಕೇಳಿದರೆ ಅಜ್ಜಿ, "ನನಗ ಏನೂ ನೆನಪಿಲ್ರೀ" ಎನ್ನುತ್ತಾಳೆ. ನಾನು ಕೇಳಿದರೂ ಅದೇ ಮಾತು, ಅದೇ 'ರೀ' ಹಚ್ಚಿ.