ಅತ್ತೆಯ ಏಕಾದಶಿ ಮತ್ತು ನನ್ನ ‘ನೋ ಡಾಕ್ಟರ್’

ಶನಿವಾರ ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ನಮ್ಮ ಅತ್ತೆ ನನ್ನ ಸಾರನ್ನು ಹೊಗಳಿದರು.

“ನನಗಿಂತ ನೀನೇ ಚೆನ್ನಾಗಿ ಮಾಡ್ತೀಯ ಕಣೆ” ಎಂದರು. ಮದುವೆಯಾಗಿ ಹದಿನಾಲ್ಕು ವರ್ಷ. ಇಂಥ ಮಾತು ಕೇಳಿರಲಿಲ್ಲ. ತಕ್ಷಣ ಗೊತ್ತಾಯಿತು: ಇವರಿಗೆ ಏನೋ ಆಗಿದೆ!

ತಿರುಗಿ ನೋಡಿದೆ. ಅತ್ತೆ ಕುರ್ಚಿಯಲ್ಲಿ ಒಂದು ಕಡೆ ವಾಲಿದ್ದರು. ಹಣೆಯಲ್ಲಿ ಬೆವರು, ಬೆರಳುಗಳಲ್ಲಿ ನಡುಕ.

ಸ್ವಲ್ಪ ಹಿಂದಕ್ಕೆ ಹೋಗೋಣ. ಅತ್ತೆ ಮೈಸೂರಿನವರು. ಕಡಲಾಚೆ, ಯೂನಿಯನ್ ಸಿಟಿಯ ನಮ್ಮ ಮನೆಗೆ ಬಂದು ಏಳು ವರ್ಷವಾಯಿತು. ಸಕ್ಕರೆ ಕಾಯಿಲೆಯಿದೆ, ಮಂಡಿ ಸವೆದಿದೆ. “ಮೊದಲು ತೂಕ ಇಳಿಸಿ, ಆಮೇಲೆ ಆಪರೇಷನ್” ಎಂದರು ಮಂಡಿ ಡಾಕ್ಟರು. ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಇದೆಯಲ್ಲ, ಈಗ ಎಲ್ಲರ ಬಾಯಲ್ಲೂ ಇರುವುದು, ಅದು ಬೇಕಾಯಿತು. ಅತ್ತೆಗಿರುವುದು ಸರ್ಕಾರಿ ಇನ್ಶೂರೆನ್ಸು. ಎರಡು ಸಲ ಅರ್ಜಿ ವಾಪಸ್ ಬಂತು. ಒಮ್ಮೆ ಯಾವುದೋ ಫಾರಂ ಇಲ್ಲವೆಂದು, ಇನ್ನೊಮ್ಮೆ ಅದೇ ಫಾರಂ ಎರಡು ಬಂದಿದೆಯೆಂದು. (ನಗಬೇಡಿ. ಕಾಗದ ಇನ್ನೂ ಇಟ್ಟಿದ್ದೇನೆ.)

ಮೂರನೇ ಸಲ ಟೆಲಿಹೆಲ್ತ್ ಡಾಕ್ಟರ್ ಸಿಕ್ಕರು. ವಿಡಿಯೋ ಕಾಲ್‌ಗೆ ಅತ್ತೆ ರೇಷ್ಮೆ ಸೀರೆ ಉಟ್ಟು ಕುಳಿತರು. ಐಪ್ಯಾಡಿನಲ್ಲಿ ಡಾಕ್ಟರಿಗೆ ಕಂಡಿದ್ದು ಮಾತ್ರ ಅತ್ತೆಯ ಹಣೆ, ಕುಂಕುಮ ಮತ್ತು ನಮ್ಮ ಸೀಲಿಂಗ್ ಫ್ಯಾನು. ಮಧ್ಯೆ ನಾನು, ದುಭಾಷಿ.

“ದಿನವಿಡೀ ಊಟ ಬಿಡುವ ಅಭ್ಯಾಸ ಇದೆಯೇ?” ಡಾಕ್ಟರ್ ಇಂಗ್ಲಿಷಿನಲ್ಲಿ ಕೇಳಿದರು. ಅತ್ತೆಗೆ ಕನ್ನಡದಲ್ಲಿ ಹೇಳಿದೆ.

“ಊಟ ಯಾಕೆ ಬಿಡ್ಲಿ? ಏಕಾದಶಿ ಮಾಡ್ತೀನಿ, ಅಷ್ಟೇ. ತಿಂಗಳಿಗೆ ಎರಡೇ. ದಶಮಿ ಮಧ್ಯಾಹ್ನ ಒಂದೇ ಊಟ, ಮಾರನೇ ದಿನ ಉಪವಾಸ, ದ್ವಾದಶಿ ಬೆಳಗ್ಗೆ ಪಾರಣೆ. ಹೇಳು ಅವರಿಗೆ.”

ಹೇಳಿದೆ. “ನೋ ಡಾಕ್ಟರ್” ಅಂತ.

ಇನ್ನೇನು ಹೇಳಲಿ? ತಿಥಿ, ಚಂದ್ರ, ಪಾರಣೆ, ಇವನ್ನೆಲ್ಲ ಉಳಿದ ನಾಲ್ಕು ನಿಮಿಷದಲ್ಲಿ ಬಿಡಿಸಿ ಹೇಳಬೇಕಿತ್ತೇ? ಹೇಳಿದರೆ ಅರ್ಜಿ ಮತ್ತೆ ವಾಪಸ್ ಬಂದರೆ? “ಅಷ್ಟುದ್ದ ಹೇಳಿದ್ನಲ್ಲ, ಇಷ್ಟೇನಾ ಇಂಗ್ಲಿಷು?” ಎಂದು ಅತ್ತೆ ಅನುಮಾನಪಟ್ಟರು. ನಾನು ನಕ್ಕೆ.

ಮಂಜೂರಾಯಿತು! ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಂಜೆಕ್ಷನ್ ಡಬ್ಬಿ ಬಂದು ಕುಳಿತಿತು. ಅದಕ್ಕೆ ಅತ್ತೆ ಕುಂಕುಮವನ್ನೂ ಹಚ್ಚಿದರು.

ಇಷ್ಟು ವರ್ಷ ಅತ್ತೆಯ ಏಕಾದಶಿ ಬೆಳಗ್ಗೆ ಒಂಬತ್ತಕ್ಕೆ ಸಡಿಲವಾಗುತ್ತಿತ್ತು. ಹಸಿವು ತಡೆಯದೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಈ ಇಂಜೆಕ್ಷನ್ ಹಸಿವನ್ನೇ ಕೊಂದುಹಾಕಿತು. ಆ ಶನಿವಾರ ಬೆಳಗ್ಗೆ, “ನೋಡೇ, ಈ ಸಲ ನೀರೂ ಬೇಡ ಅನ್ನಿಸ್ತಿದೆ. ಇಷ್ಟು ವರ್ಷಕ್ಕೆ ಈಗ ಸರಿಯಾದ ಏಕಾದಶಿ!” ಎಂದು ಹಿಗ್ಗಿದ್ದರು. ಹಿಗ್ಗಿನಲ್ಲೇ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನುಂಗಿದ್ದರು. ಔಷಧಿಯಿಂದ ಉಪವಾಸ ಕೆಡುವುದಿಲ್ಲವಂತೆ.

ನಾಲಿಗೆಗೂ ಸೋಕದ ನನ್ನ ಸಾರು ರುಚಿಯಾಗಿದ್ದು ಅದಾದ ಮೇಲೆ.

ಹನ್ನೆರಡು ವರ್ಷದ ಮಗಳು ತುರ್ತು ನಂಬರ್ 911ಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಸಕ್ಕರೆ ತೀರಾ ಇಳಿದಿರಬೇಕು, ನುಂಗಲು ಆಗುತ್ತಿದ್ದರೆ ಈಗಲೇ ಸಿಹಿ ಕೊಡಿ ಎಂದಿತು ಆ ಕಡೆಯ ದನಿ. ಜ್ಯೂಸ್ ಲೋಟ ಬಾಯಿಗೆ ಹಿಡಿದೆ. ಅತ್ತೆ ಹಲ್ಲು ಕಚ್ಚಿದರು. “ಏಕಾದಶಿ...” ತಾವು ಎಲ್ಲಿದ್ದೇವೆಂದು ಗೊತ್ತಿಲ್ಲ, ಎದುರಿಗೆ ನಿಂತವಳು ಯಾರೆಂದೂ ಗೊತ್ತಿಲ್ಲ, ತಿಥಿ ಮಾತ್ರ ಗೊತ್ತು!

“ಅಜ್ಜಿ, ಪ್ಲೀಸ್ ಡ್ರಿಂಕ್ ಇಟ್!” ಮಗಳು ಅಳತೊಡಗಿದಳು.

ಆಗ ದೇವರ ಮನೆಗೆ ಓಡಿದೆ. ಪಂಚಪಾತ್ರೆಗೆ ಸಕ್ಕರೆ ಸುರಿದೆ, ನೀರು ಹಾಕಿದೆ, ಉದ್ಧರಣೆಯಿಂದ ಕಲಕಿದೆ. “ಅತ್ತೆ, ತೀರ್ಥ.”

ನಡುಗುವ ಕೈ ತಾನಾಗಿಯೇ ಬಟ್ಟಲಾಯಿತು. ಒಂದು ಉದ್ಧರಣೆ. ಕುಡಿದು ಕೈ ತಲೆಗೆ ಒರೆಸಿಕೊಂಡರು. ಇನ್ನೊಂದು. ಮತ್ತೊಂದು. ಪಂಚಪಾತ್ರೆ ಖಾಲಿಯಾಯಿತು, ಮತ್ತೆ ತುಂಬಿಸಿದೆ. ಕೂದಲೆಲ್ಲ ಪಾಕ. ಎಷ್ಟು ಹೊತ್ತು ಹೀಗೆ ನಡೆಯಿತೋ ಕಾಣೆ. ಈಗಲೂ ಪಾತ್ರೆ ತೊಳೆಯುವಾಗ ಅದೇ ದೃಶ್ಯ ಕಣ್ಣ ಮುಂದೆ ಓಡುತ್ತದೆ.

ಕೊನೆಗೆ ಅತ್ತೆ ಹುಬ್ಬು ಗಂಟಿಕ್ಕಿದರು. “ತೀರ್ಥ ಯಾಕೆ ಹಿಂಗೆ ಸಿಹಿ? ತುಳಸಿ ಎಲ್ಲೇ?”

ಬೈಗುಳ ಕೇಳಿ ಅಷ್ಟು ಖುಷಿಯಾಗಿದ್ದು ಜೀವನದಲ್ಲಿ ಅದೇ ಮೊದಲು.

ಆಂಬುಲೆನ್ಸಿನವರು ಬಂದರು, ಬೆರಳು ಚುಚ್ಚಿದರು. ಕೊನೆಯ ಊಟ ಯಾವಾಗ ಎಂದು ಕೇಳಿದರು. “ನಿನ್ನೆ ಮಧ್ಯಾಹ್ನ ಎರಡು ತುತ್ತು” ಎಂದರು ಅತ್ತೆ. ಈ ಸಲ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

ಸಂಜೆಯೊಳಗೆ ಆಸ್ಪತ್ರೆಯಿಂದ ಮನೆಗೆ ಬಂದರು. ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಗಂಟೆಗೊಮ್ಮೆ ಎದ್ದು ಅತ್ತೆಯ ಕೋಣೆಗೆ ಹೋಗಿ ಉಸಿರು ಕೇಳುವುದು. ಮೂರನೇ ದಿನ ಅತ್ತೆ ಕಣ್ಣು ಮುಚ್ಚಿಕೊಂಡೇ, “ಇದ್ದೀನಿ, ಹೋಗಿ ಮಲಕ್ಕೋ” ಎಂದರು.

ಮುಂದಿನ ವಿಡಿಯೋ ಕಾಲ್‌ಗೆ ನಾನೇ ಫೋನ್ ಮಾಡಿ ದುಭಾಷಿ ಬೇಕೆಂದು ಕೇಳಿದೆ. ಕೇಳಿದವರಿಗೆ ಪುಕ್ಕಟೆ ಕೊಡುತ್ತಾರಂತೆ, ನಾನು ಕೇಳಿಯೇ ಇರಲಿಲ್ಲ. ತೆರೆಯ ಮೇಲೆ ಧಾರವಾಡದ ಕಡೆಯ ಒಬ್ಬರು ಬಂದರು. “ಹೇಳ್ರಿ ಅಮ್ಮಾರೆ, ಗಡಿಬಿಡಿ ಇಲ್ಲ” ಎಂದರು. ಅತ್ತೆ ಹೇಳಿದರು. ದಶಮಿಯಿಂದ ದ್ವಾದಶಿಯವರೆಗೆ ಎಲ್ಲವನ್ನೂ ಹೇಳಿದರು. ಕದ್ದು ತಿನ್ನುವ ಕೋಡುಬಳೆಯನ್ನೂ ಹೇಳಿದರು. ಕೊನೆಗೆ, “ಹೋದ ಸಲ ನಮ್ಮ ಸೊಸೆ ಇದ್ಯಾವುದನ್ನೂ ಹೇಳಿರಲಿಲ್ಲಪ್ಪ” ಎಂದರು. ಅದನ್ನೂ ಆ ಪುಣ್ಯಾತ್ಮರು ಅಕ್ಷರ ಬಿಡದೆ ಇಂಗ್ಲಿಷಿಗೆ ತಂದರು!

ಡಾಕ್ಟರ್ ಬೈಯಲಿಲ್ಲ. ಸಕ್ಕರೆ ಕಾಯಿಲೆಯ ಆ ಮಾತ್ರೆಯನ್ನು ನಿಲ್ಲಿಸಿದರು. ಏಕಾದಶಿಗೆ ಹಣ್ಣು, ಹಾಲು, ನೀರು ಕಡ್ಡಾಯ ಎಂದರು. ಔಷಧಿಯೆಂದು ತಿಳಿದು ತೆಗೆದುಕೊಳ್ಳುತ್ತೇನೆಂದು ಅತ್ತೆ ಒಪ್ಪಿದರು.

ಅಂದು ಗುರುವಾರ. ಒಂಬತ್ತೂವರೆಗೆ ಮಲಗಿದವಳು ಶುಕ್ರವಾರ ಬೆಳಗ್ಗೆ ಏಳಕ್ಕೆ ಎದ್ದೆ. ಮಧ್ಯೆ ಒಮ್ಮೆಯೂ ಎಚ್ಚರವಾಗಲಿಲ್ಲ.

ಅದಿರಲಿ, ಹೋದ ಸಲ ಡಾಕ್ಟರ್ ಕೇಳಿದ್ದಕ್ಕೆ ನಿಮ್ಮ ಅಮ್ಮ ಏನು ಹೇಳಿದರು, ನೀವು ಏನು ಹೇಳಿದಿರಿ?