ತಾಳೆಗರಿಗೆ ಉಳಿದದ್ದು ಹತ್ತು ನಿಮಿಷ

ಮಿತ್ರರೇ, ಮನಸ್ಸು ಇನ್ನೂ ಒಂದೆಡೆ ನಿಲ್ಲುತ್ತಿಲ್ಲ. ಮಣಿಪಾಲದ ಅಂತರ್ಜಾಲ ತಂತ್ರಜ್ಞಾನ ಸಮ್ಮೇಳನದ ಸಿದ್ಧತಾ ಸಭೆಗೆ ಇಂದು ಹೋಗಿದ್ದೆ. ತಾಳೆಗರಿ ಗ್ರಂಥಗಳನ್ನು ಅಂತರ್ಜಾಲಕ್ಕೆ ಏರಿಸುವ ಕುರಿತು ನಾನು ಮಾತನಾಡಬೇಕಿದ್ದ ಒಂದು ಗಂಟೆಯ ಅವಧಿಯನ್ನು ಹತ್ತೇ ನಿಮಿಷಕ್ಕೆ ಇಳಿಸಿದ್ದರು.

"ಉಳಿದ ಸಮಯ ಯಾರಿಗಮ್ಮ?" ಎಂದು ಸಂಚಾಲಕಿ ಲವೀನಾಳನ್ನು ಕೇಳಿದೆ.

"ಕಳೆದ ವರ್ಷ ಕ್ಲೌಡ್ ಕಂಪ್ಯೂಟಿಂಗ್ ಬಗ್ಗೆ ಮಾತಾಡಿದರಲ್ವಾ ಭಟ್ರೇ, ಅವರಿಗೆ. ಬಂದವರ ಫೀಡ್‌ಬ್ಯಾಕ್ ನೋಡಿಯೇ ಪಟ್ಟಿ ಮಾಡಿದ್ದು."

"ಆ ಉಪನ್ಯಾಸಕ್ಕೆ ಅರ್ಧ ಸಭೆ ನಿದ್ರಿಸಿತ್ತಲ್ಲ!"

"ಎಂತ ಭಟ್ರೇ, ನೀವೇ 'ಅತ್ಯುತ್ತಮ' ಅಂತ ಬರೆದದ್ದು ಉಂಟು!" ಎಂದು ಕಳೆದ ವರ್ಷ ನಾನು ತುಂಬಿಕೊಟ್ಟಿದ್ದ ಅಭಿಪ್ರಾಯದ ಹಾಳೆಯನ್ನೇ ಮುಂದಿಟ್ಟಳು.

ಅತಿಥಿಯ ಮನಸ್ಸು ನೋಯದಿರಲೆಂದು ಹಾಗೆ ಬರೆದಿದ್ದೆ. ಉಳಿದವರೂ ಹಾಗೆಯೇ ಬರೆದಿದ್ದರು. 'ಸುಧಾರಿಸಬೇಕಾದ ಅಂಶಗಳು' ಎಂಬಲ್ಲಿಯಂತೂ, ಈ ಉಪನ್ಯಾಸಕರಿಗೆ ಶ್ರೀಕೃಷ್ಣನು ಇನ್ನಷ್ಟು ಅವಕಾಶಗಳನ್ನು ಕರುಣಿಸಲಿ ಎಂದು ನಾನೇ ಹರಸಿದ್ದೆ.